ಸರ್ ಹೋಗಿ ಅಣ್ಣ ಬಂತು

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಫ್ರಿಜ್ ಕೈಕೊಟ್ಟಿತು. ಬೆಣ್ಣೆದೋಸೆ ತಿಂದು, ಹೊಟ್ಟೆ ತುಂಬಿದ ಖುಷಿಯಲ್ಲೇ ದಾವಣಗೆರೆಯ ಒಂದು ಅಂಗಡಿಗೆ ಹೋದೆವು. ಫ್ರಿಜ್ ಅಷ್ಟೇ, ಬೇರೇನೂ ಬೇಡ ಅಂತ ಹೆಂಡತಿ ದಾರಿಯಲ್ಲೇ ಹೇಳಿದ್ದಳು.

ಅಂಗಡಿ ಹುಡುಗ ಮೊದಲು ಮಾತಿಗೊಂದು ಸರ್ ಅಂತಿದ್ದ. ಬಿಲ್ ಬರೆಯುವಾಗ 'ಯಾವೂರು ಸರ್?' ಅಂದ. ಇರೋದು ಇಲ್ಲೇ, ಮೂಲ ಜಗಳೂರು ಅಂದೆ. ಪೆನ್ನು ಕೆಳಗಿಟ್ಟುಬಿಟ್ಟ. 'ನಮ್ದೂ ಅದೇ ಕಡೆ ಕಣಣ್ಣಾ! ಕೊಡದಗುಡ್ಡದ ವೀರಭದ್ರಸ್ವಾಮಿ ಒಕ್ಕಲು ನಾವು.' ನಾವೂ ಅದೇ ಒಕ್ಕಲು. ತಗೋ, ಮಾತು ಶುರು. ಕೆರೆಗೆ ನೀರು ಬಂದಿದ್ದು, ಮೆಕ್ಕೆಜೋಳದ ರೇಟು, 1997ಕ್ಕೆ ಮುಂಚೆ ನಮ್ಮ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಾಗ ನಮ್ಮಪ್ಪ ಒಂದೊಂದು ಕಾಗದಕ್ಕೂ ಅಲ್ಲಿಗೆ ಬಸ್ಸು ಹತ್ತುತ್ತಿದ್ದಿದ್ದು, ಎಲ್ಲಾ ಬಂತು. ಅಷ್ಟರಲ್ಲಿ ಅವನ ಬಾಯಲ್ಲಿ ಸರ್ ಹೋಗಿ ಅಣ್ಣ ಬಂದಿತ್ತು, ನನ್ನ ಬಾಯಲ್ಲಿ ತಮ್ಮ.

ಆಗ ಕೇಳಿದ. 'ಅಣ್ಣಾ, ಇನ್ನೆರಡು ಸಾವಿರ ಹಾಕಿ, ಮೂರು ವರ್ಷ ವಾರಂಟಿ ಜಾಸ್ತಿ ಬರುತ್ತೆ. ನಮ್ಮೋರು ಅಂತ ಹೇಳ್ತಿದೀನಿ.' ಸರ್ ಅಂದಿದ್ದರೆ ಬೇಡಪ್ಪಾ ಅಂತಿದ್ದೆ. ತಮ್ಮನಿಗೆ ಹೇಗೆ ಅನ್ನೋದು? ಹೂಂ ಅಂದೆ. ಹೆಂಡತಿ ಅಂಗಡಿಯ ಫ್ಯಾನ್ ನೋಡುತ್ತಾ ನಿಂತಿದ್ದಳು. ಮನೆಗೆ ಬಂದು ಕಾರ್ಡು ಓದಿದರೆ ಕಂಪ್ರೆಸರ್‌ಗೆ ಕಂಪನಿಯೇ ಹತ್ತು ವರ್ಷ ಕೊಟ್ಟಿದೆ, ಬೇಗ ಹಾಳಾಗೋ ಬಾಗಿಲ ರಬ್ಬರು ಈ ಹೊಸ ವಾರಂಟಿಗೆ ಸೇರೋದೇ ಇಲ್ಲ!

ಆಮೇಲೆ ಸಮಾಧಾನಕ್ಕೆ ಒಂದು ವಿಷಯ ಸಿಕ್ಕಿತು. ಅಮೆರಿಕದಲ್ಲಿ ಜೆರ್ರಿ ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು 2004ರಲ್ಲಿ ಪ್ರಕಟಿಸಿದ ಪ್ರಯೋಗ. ಎಂಟು ಪುಟದ ಪ್ರಬಂಧ ಓದಿ ಅಭಿಪ್ರಾಯ ಬರೆದುಕೊಡ್ತೀರಾ ಅಂತ ಗುರುತಿಲ್ಲದ ಒಬ್ಬಳು ಕಾಲೇಜು ಹುಡುಗಿಯರನ್ನು ಕೇಳಿದಾಗ ಒಪ್ಪಿದ್ದು ನೂರಕ್ಕೆ 34 ಜನ. ಇಬ್ಬರದೂ ಒಂದೇ ದಿನ ಹುಟ್ಟುಹಬ್ಬ ಅಂತ ಗೊತ್ತಾದವರಲ್ಲಿ 62. ಬರೀ ಹುಟ್ಟುಹಬ್ಬಕ್ಕೆ ಇಷ್ಟು. ಊರು, ದೇವರು ಎರಡೂ ಒಂದೇ ಆದ ಮೇಲೆ ನಾನು ಉಳಿಯೋದುಂಟಾ? ಹೆಂಡತಿಗೆ ಹೇಳಿದೆ. 'ಎರಡು ಸಾವಿರ ಅವರು ಕೊಡ್ತಾರಾ?' ಅಂದಳು.

ಹುಡುಗ ಸುಳ್ಳು ಹೇಳಿದ ಅಂತ ಬೈಯೋಣ ಅಂದರೆ ಅದೂ ಇಲ್ಲ. ಮೊನ್ನೆ ಜಗಳೂರಲ್ಲಿ ಒಂದು ಮದುವೆಗೆ ಹೋದರೆ ಅಲ್ಲಿದ್ದ. ಪಕ್ಕದಲ್ಲೇ ಕೂರಿಸಿಕೊಂಡು, ಬಡಿಸುವವರನ್ನು ಕೂಗಿ ಕರೆದು ನನ್ನ ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿಸಿದ. ಕೈ ತೊಳೆಯುವಾಗ, 'ಅಣ್ಣಾ, ದೀಪಾವಳಿಗೆ ವಾಷಿಂಗ್ ಮಷಿನ್ ಆಫರ್ ಬರುತ್ತೆ' ಅಂದ.

'ನೋಡೋಣ ತಮ್ಮಾ' ಅಂದೆ. ಹೆಂಡತಿ ಆಗಲೇ ಬಸ್‌ಸ್ಟ್ಯಾಂಡ್ ಕಡೆ ನಡೆದಿದ್ದಳು.