ಆಪರೇಷನ್ ಟೇಬಲ್ ಮೇಲೆ ಕನ್ನಡದಲ್ಲೇ ಕೇಳಿ

ಗಡ್ಡೆ ಮೆದುಳಿನಲ್ಲಿ ಮಾತಿನ ಜಾಗಕ್ಕೆ ಅಂಟಿಕೊಂಡಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತಲೇ ಮೆದುಳಿನ ಆಪರೇಷನ್ ಮಾಡುತ್ತಾರೆ. ನೆತ್ತಿಯ ನರಗಳನ್ನು ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿರುತ್ತಾರೆ. ಮೆದುಳಿಗಂತೂ ನೋವೇ ತಿಳಿಯದು. ಆದರೆ ಮುಂಬೈಯ ಕನ್ನಡಿಗರನ್ನು ಹಿಂದಿಯಲ್ಲಷ್ಟೇ ಪರೀಕ್ಷಿಸಿದರೆ ಸಾಲದು. ಮೆದುಳಿನ ಒಂದೇ ಜಾಗಕ್ಕೆ ಸಣ್ಣ ಕರೆಂಟಿನ ಕಡ್ಡಿ ಮುಟ್ಟಿಸಿದಾಗ ಒಂದು ಭಾಷೆ ತಡವರಿಸಿ ಇನ್ನೊಂದು ಸರಾಗವಾಗಿ ಬರಬಹುದು ಎಂದು ಸಂಶೋಧಕರಾದ ಓಜಮನ್ ಮತ್ತು ವಿಟೇಕರ್ 1978ರಲ್ಲೇ ತೋರಿಸಿದ್ದಾರೆ.

ಹಿಂದಿನ ದಿನವೇ ಚಿತ್ರಗಳನ್ನು ತೋರಿಸಿ, ಥಟ್ಟನೆ ಹೆಸರು ಬಾರದವನ್ನು ತೆಗೆದುಹಾಕಬೇಕು. ಈರುಳ್ಳಿಯ ಚಿತ್ರಕ್ಕೆ ಮಂಗಳೂರಿನವರು ‘ನೀರುಳ್ಳಿ’ ಅನ್ನುತ್ತಾರೆ, ಧಾರವಾಡದವರು ‘ಉಳ್ಳಾಗಡ್ಡಿ’, ಮುಂಬೈ ಬಳಿಯ ಡೊಂಬಿವಲಿಯಲ್ಲೇ ಬೆಳೆದವರು ಮರಾಠಿಯ ‘ಕಾಂದಾ’. ಯಾವುದೂ ತಪ್ಪಲ್ಲ, ಆದರೆ ಅವರು ಅಂದದ್ದನ್ನೇ ಬರೆದಿಡಿ. ಟೇಬಲ್ ಮೇಲೆ ‘ನೀರುಳ್ಳಿ’ ಹೋಗಿ ‘ಕಾಂದಾ’ ಬಂದರೆ ಸರ್ಜನ್‌ಗೆ ತಕ್ಷಣ ಹೇಳಬೇಕು. ‘ಕುರ್ಚಿ’ ಬೇಡ, ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಪದ, ಯಾವ ಭಾಷೆ ಆಡಿದರೆಂದು ಗೊತ್ತಾಗದು.

ಪ್ರತಿ ಉತ್ತರವೂ ‘ಇದು’ ಎಂದೇ ಶುರುವಾಗಲಿ. ‘ಇದು...’ ಎಂದು ನಿಂತು ‘ಬಾಳೆಹಣ್ಣು’ ಬಾರದಿದ್ದರೆ ಹೆಸರು ಸಿಗುತ್ತಿಲ್ಲ ಎಂದರ್ಥ. ‘ಇದು’ ಕೂಡ ಹೊರಡದಿದ್ದರೆ ಮಾತೇ ಕಟ್ಟಿದೆ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸುಲಭವಾಗಿ ಹಿಡಿಯುವ ಉಪಾಯ ನನಗೆ ಬೇರೆ ಕಾಣದು.

ಸರ್ಜನ್ ಬಳಸುವ ಕಡ್ಡಿಗೆ ಎರಡು ತುದಿ, ನಡುವೆ 5 ಮಿಲಿಮೀಟರ್ ಅಂತರ. ಕರೆಂಟ್ 60 ಹರ್ಟ್ಜ್. 1 ಮಿಲಿಆಂಪಿಯರ್‌ನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ಸಾಮಾನ್ಯವಾಗಿ 6 ದಾಟಿಸುವುದಿಲ್ಲ. ಚಿತ್ರ ಬರುವ ಕ್ಷಣ ಮುಂಚೆ ಮುಟ್ಟಿ, ಹೆಚ್ಚೆಂದರೆ 4 ಸೆಕೆಂಡ್ ಹಿಡಿದು ಬಿಡುತ್ತಾರೆ. ಒಂದೇ ಜಾಗವನ್ನು ಬೆನ್ನುಬೆನ್ನಿಗೆ ಮುಟ್ಟಬಾರದು; ಸುತ್ತಿಬಂದು ಮೂರು ಸಲ ನೋಡಬೇಕು. ನಡುನಡುವೆ ಕರೆಂಟ್ ಇಲ್ಲದೆಯೂ ಚಿತ್ರ ತೋರಿಸಬೇಕು. ತಪ್ಪು ಮರುಕಳಿಸಿದ ಜಾಗಕ್ಕೆ, ಅದನ್ನು ಉಳಿಸಬೇಕೆಂದು, ನಂಬರಿನ ಚೀಟಿ ಇಡುತ್ತಾರೆ.

ಪರೀಕ್ಷೆ ಎಡವುವುದು ಹೆಚ್ಚಾಗಿ ಕರೆಂಟ್ ಜಾಸ್ತಿಯಾದಾಗ. ಕಡ್ಡಿ ತೆಗೆದ ಮೇಲೂ ಮೆದುಳಿನಲ್ಲಿ ವಿದ್ಯುತ್ ಅಲೆಗಳು ಅಕ್ಕಪಕ್ಕ ಹರಡುತ್ತಿದ್ದರೆ, ಆಗಿನ ತಪ್ಪು ಆ ಜಾಗದ್ದೇ ಎನ್ನಲಾಗದು. ಫಿಟ್ಸ್ ಬಂದರೆ ಮೊದಲ ಮದ್ದು ಮೆದುಳಿನ ಮೇಲೆ ಸುರಿಯುವ ಕೊರೆಯುವ ತಣ್ಣನೆಯ ರಿಂಗರ್ ಎಂಬ ಉಪ್ಪುನೀರಿನ ದ್ರಾವಣ. ಅದು ಆಗ ಹುಡುಕುವ ವಸ್ತುವಲ್ಲ, ಮೊದಲೇ ಐಸಿನಲ್ಲಿ ತಯಾರಿರಬೇಕು.

ಹೊತ್ತು ಹೋದಂತೆ ಬಾಯಿ ಒಣಗಿ ದಣಿವು ಕಾಡುತ್ತದೆ, ಉತ್ತರ ತಡವಾಗುತ್ತದೆ. ಅದಕ್ಕೇ ಮನೆಮಾತಿನ ಸುತ್ತು ಮೊದಲು ಆಗಲಿ, ಹಿಂದಿ-ಮರಾಠಿ ಆಮೇಲೆ. ಮನೆಯಲ್ಲಿ ಆಡುವುದು ತುಳುವೋ ಕೊಂಕಣಿಯೋ ಆಗಿದ್ದರೆ, ಅದನ್ನು ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಆ ಭಾಷೆ ಬಲ್ಲವರನ್ನು ಗೊತ್ತುಮಾಡಲು ಅವರಿಗೂ ದಿನ ಬೇಕು.