ರೆಡ್ ಈಗಲ್ ಸಮಾಧಿಯವರೆಗೆ: ಎರಡು ದಿನದ ಅಲಬಾಮಾ ಪ್ರವಾಸ

ಅಟ್ಲಾಂಟಾದಿಂದ ಕ್ರೀಕ್ ಯುದ್ಧದ (ಅಮೆರಿಕದ ಮೂಲನಿವಾಸಿಗಳಾದ ಕ್ರೀಕರ ಒಂದು ಬಣಕ್ಕೂ ಅಮೆರಿಕನ್ ಸೇನೆಗೂ 1813–14ರಲ್ಲಿ ನಡೆದದ್ದು) ಜಾಗಗಳನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಹಾರ್ಸ್‌ಶೂ ಬೆಂಡ್ ನೋಡಿಕೊಂಡು ಸಂಜೆಗೆ ವಾಪಸ್ ಬಂದುಬಿಡುತ್ತಾರೆ. ಮೊದಲ ಸಲ ನಾವೂ ಹಾಗೇ ಮಾಡಿದ್ದೆವು. ಆದರೆ ರೆಡ್ ಈಗಲ್ ಎಂದು ಹೆಸರಾದ ಕ್ರೀಕ್ ಮುಖಂಡ ವಿಲಿಯಂ ವೆದರ್‌ಫೋರ್ಡ್‌ಗಾಗಿ ಹೋಗುವುದಾದರೆ ಅಷ್ಟು ಸಾಲದು. ಅಲ್ಲಿ ನಡೆದ ಕಾಳಗದಲ್ಲಿ ಅವನು ಇರಲೇ ಇಲ್ಲ! ಎರಡು ದಿನ ಇಟ್ಟುಕೊಂಡು ದಕ್ಷಿಣದ ಟೆನ್ಸಾ ಸೀಮೆಯ ತನಕ ಹೋಗಿ.

ಹಾರ್ಸ್‌ಶೂ ಬೆಂಡ್‌ಗೆ ಸುಮಾರು ಎರಡು ಗಂಟೆ ದಾರಿ. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಬೆಳಿಗ್ಗೆಯೇ ತಲುಪಬಹುದು. ಪ್ರವೇಶ ಉಚಿತ. ಕ್ರೀಕರು ಕಟ್ಟಿದ್ದ ಮರದ ದಿಮ್ಮಿಗಳ ತಡೆಗೋಡೆ ಇದ್ದ ಸಾಲಿನಲ್ಲಿ ಈಗ ಬಿಳಿ ಗೂಟಗಳಿವೆ. ಅದರ ಉದ್ದಕ್ಕೂ ನಡೆಯಿರಿ. 1814ರ ಮಾರ್ಚ್ 27ರಂದು ಅಮೆರಿಕನ್ ಸೇನಾನಿ ಆಂಡ್ರೂ ಜಾಕ್ಸನ್‌ನ ಫಿರಂಗಿಗೂ ಆ ಗೋಡೆ ಜಗ್ಗಲಿಲ್ಲ. ಜಾಕ್ಸನ್ ಕಡೆಗಿದ್ದ ಚೆರೋಕಿ ಮೂಲನಿವಾಸಿಗಳು ಹೊಳೆ ಈಜಿ, ದೋಣಿಗಳನ್ನು ಕದ್ದು, ಹಿಂದಿನಿಂದ ನುಗ್ಗಿದರು. ‘ರೆಡ್ ಸ್ಟಿಕ್ಸ್’ ಎನಿಸಿಕೊಂಡ ಕ್ರೀಕ್ ಬಂಡುಕೋರರಲ್ಲಿ 800ಕ್ಕೂ ಹೆಚ್ಚು ಮಂದಿ ಸತ್ತರು.

ಅಲ್ಲಿಂದ ವಿಟಂಪ್ಕಾಕ್ಕೆ ಬನ್ನಿ. ಇಲ್ಲಿನ ಫೋರ್ಟ್ ಜಾಕ್ಸನ್‌ಗೇ ವೆದರ್‌ಫೋರ್ಡ್ ತಾನಾಗಿ ಬಂದು ಶರಣಾದ. ಜಾಕ್ಸನ್ ಅವನನ್ನು ಕೊಲ್ಲದೆ ಬಿಟ್ಟ. ಅದೇ ವರ್ಷ ಆಗಸ್ಟ್ 9ರಂದು ಇಲ್ಲೇ ಆದ ಒಪ್ಪಂದದಲ್ಲಿ ಕ್ರೀಕರ ಸುಮಾರು 2.3 ಕೋಟಿ ಎಕರೆ ನೆಲ ಹೋಯಿತು. ಜಾಕ್ಸನ್ ಜೊತೆ ನಿಂತು ಹೋರಾಡಿದ ಕ್ರೀಕರ ನೆಲವನ್ನೂ ಬಿಡಲಿಲ್ಲ. ಅಲ್ಲಿ ನಿಂತು ಅದನ್ನು ನೆನೆದಾಗ ಕರುಳು ಚುರ್ ಎಂದಿತು.

ರಾತ್ರಿ ಮಾಂಟ್‌ಗೊಮೆರಿಯಲ್ಲಿ ಉಳಿದು, ಬೆಳಿಗ್ಗೆ ಬೇಗ ಐ-65 ಹಿಡಿದು ಆಟ್‌ಮೋರ್ ಕಡೆ ಇಳಿಯಿರಿ. ಪೆಟ್ರೋಲ್ ಅಲ್ಲೇ ತುಂಬಿಸಿ, ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಮುಂದೆ ನಮಗೆ ಸಿಗ್ನಲ್ ಹೋಗಿ, ಪೈನ್ ಕಾಡಿನ ನಡುವೆ ಮುಕ್ಕಾಲು ಗಂಟೆ ಸುತ್ತಿದೆವು.

ಫೋರ್ಟ್ ಮಿಮ್ಸ್‌ನಲ್ಲಿ ಯುದ್ಧದ ಭಯಕ್ಕೆ ಸುತ್ತಲಿನವರು ಸೇರಿಕೊಂಡಿದ್ದ ಮರದ ಗೂಟಗಳ ಕೋಟೆಯನ್ನು ಒಂದಷ್ಟು ಮತ್ತೆ ಕಟ್ಟಿದ್ದಾರೆ. ಬಾಗಿಲ ಬಳಿ ಬಗ್ಗಿ ಮಣ್ಣು ಮುಟ್ಟಿ ನೋಡಿದೆ, ಬರೀ ಮರಳು. 1813ರ ಆಗಸ್ಟ್ 30ರ ಮಧ್ಯಾಹ್ನ, ಊಟದ ಡೋಲು ಬಾರಿಸುತ್ತಿದ್ದಂತೆ ರೆಡ್ ಸ್ಟಿಕ್ಸ್ ಓಡಿ ಬಂದರು. ಮರಳು ತುಂಬಿದ್ದ ಬಾಗಿಲನ್ನು ಮುಚ್ಚಲಾಗಲಿಲ್ಲ. ಹೆಂಗಸರು ಮಕ್ಕಳೂ ಸೇರಿ ನೂರಾರು ಜನ ಸತ್ತರು. ದಾಳಿಯ ಮುಂದಾಳುಗಳಲ್ಲಿ ವೆದರ್‌ಫೋರ್ಡ್ ಒಬ್ಬ. ಒಳಗಿದ್ದವರಲ್ಲಿ ಎಷ್ಟೋ ಮಂದಿ ಅವನಂತೆಯೇ ಕ್ರೀಕ್-ಬಿಳಿಯರ ಮಿಶ್ರ ಮನೆತನದವರು, ಅವನ ನೆಂಟರು. ಅವನ ಸ್ವಂತ ತಾಯಿಯ ಮಗ ಡೇವಿಡ್ ಟೇಟ್ ಅಮೆರಿಕನ್ನರ ಪರ ಇದ್ದ.

ಸಮಾಧಿ ಅಲ್ಲಿಂದ ದೂರವಿಲ್ಲ, ಲಿಟಲ್ ರಿವರ್ ಹತ್ತಿರ. ಕಲ್ಲು ಪೇರಿಸಿದ ಎರಡು ಗೋರಿಗಳು ಅಕ್ಕಪಕ್ಕ: ಒಂದು ಅವನದು, ಇನ್ನೊಂದು ತಾಯಿ ಸೆಹೋಯ್‌ಳದು. ಅಪ್ಪ ಬಿಳಿಯ ವ್ಯಾಪಾರಿಯಾದರೂ ಕ್ರೀಕರಿಗೆ ಅವನು ತಾಯಿಯ ಕಡೆಯ ವಿಂಡ್ ಕುಲದವನೇ. ಅಳಿಯಸಂತಾನ ಬಲ್ಲ ಉಡುಪಿ ಕಡೆಯ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಯುದ್ಧದ ನಂತರ ಅವನು ಈ ಸೀಮೆಯಲ್ಲೇ ಗುಲಾಮರನ್ನಿಟ್ಟುಕೊಂಡು ತೋಟ ನಡೆಸಿದ, 1824ರಲ್ಲಿ ತೀರಿಕೊಂಡ. ಅದನ್ನೂ ಮಕ್ಕಳಿಗೆ ಹೇಳಿ.

ಆಗಸ್ಟ್ ಸೆಕೆ ತಡೆಯಲಾಗದು; ಮಾರ್ಚ್ ಅಥವಾ ಅಕ್ಟೋಬರ್ ವಾಸಿ. ಸೊಳ್ಳೆಗೆ ಮುಲಾಮು, ಬುತ್ತಿಗೆ ಚಪಾತಿ, ಪುಳಿಯೋಗರೆ ಇರಲಿ. ವಾಪಸ್ ಬರುವಾಗ ಆ ಒಂದು ಗಂಟೆ ಕಳೆದುಹೋಗುತ್ತದೆ, ಹಾಗಾಗಿ ಮಧ್ಯಾಹ್ನ ಎರಡಕ್ಕೆಲ್ಲ ಸಮಾಧಿಯಿಂದ ಹೊರಡಿ.