ಮಿಕ್ಸಿ ತಳದ ಕೆಂಪು ಗುಂಡಿ

ಬೆಳಗ್ಗೆ ಇಡ್ಲಿ ಹಬೆಯಲ್ಲಿತ್ತು, ಚಟ್ನಿ ಅರ್ಧಕ್ಕೇ ನಿಂತಿತು. ಮಿಕ್ಸಿ ಒಮ್ಮೆ ಗುರ್ ಅಂತ ಗೊಣಗಿ ಸುಮ್ಮನಾಯಿತು.

ಮೊಬೈಲ್‌ನಲ್ಲಿ ಹುಡುಕಿ, ಮೊದಲು ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿದೆ. "ಒಂದು ಆ್ಯಪ್ ಹಾಕಿಕೊಳ್ಳಿ ಮೇಡಂ, ನಿಮ್ಮ ಸ್ಕ್ರೀನ್ ನಮಗೆ ಕಾಣುತ್ತೆ, ಹತ್ತು ರೂಪಾಯಿ ಕಟ್ಟಿ" ಅಂದ ಆ ಕಡೆಯವ. ಮಿಕ್ಸಿ ರಿಪೇರಿಗೆ ನನ್ನ ಫೋನಿನ ಸ್ಕ್ರೀನ್ ಅವನಿಗ್ಯಾಕೆ ಕಾಣಬೇಕು? ಕಟ್ ಮಾಡಿದೆ. (ಹೀಗೆ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಸಲಿ ನಂಬರ್ ಮಿಕ್ಸಿ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ. ನಮ್ಮನೆಯದು ಅಟ್ಟದ ಮೇಲಿದೆ, ಎಲ್ಲಿ ಅಂತ ಕೇಳಬೇಡಿ.)

ಆಮೇಲೆ ಒಂದು ವಿಡಿಯೋ ಸಿಕ್ಕಿತು. ಹುಬ್ಬಳ್ಳಿ ಕಡೆ ಮಾತು, ಮುಖ ಇಲ್ಲ, ಬರೀ ಕೈ. "ಮೊದ್ಲ ಪ್ಲಗ್ ತೆಗೀರಿ. ಜಾರ್ ತೆಗೀರಿ. ಈಗ ಡಬ್ಬ ಹಾಕ್ರಿ." ಹಾಗೇ ಮಿಕ್ಸಿ ಮಗುಚಿದರೆ ತಳದಲ್ಲಿ ಪುಟ್ಟ ಕೆಂಪು ಗುಂಡಿ! ಲೋಡ್ ಜಾಸ್ತಿಯಾದರೆ ಮೋಟಾರ್ ಸುಡದಿರಲಿ ಅಂತ ಅದೇ ಕರೆಂಟ್ ಕಡಿಯುತ್ತದೆ. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಒತ್ತಿದೆ. ಟಿಕ್. ಓಡಿತು.

ಎಂಟು ವರ್ಷ ಈ ಮಿಕ್ಸಿ ಜೊತೆ ಸಂಸಾರ ಮಾಡಿದ್ದೇನೆ, ಒಂದು ದಿನವೂ ತಳ ನೋಡಿರಲಿಲ್ಲ. ಅಂದಹಾಗೆ ಆ ವಿಡಿಯೋದವರ ಮೇಲೆ ನಂಬಿಕೆ ಬಂದದ್ದು ಕೊನೆಯಲ್ಲಿ, "ಇಷ್ಟಕ್ಕೂ ಓಡದಿದ್ರ ನೀವ್ ಬಿಚ್ಚಬ್ಯಾಡ್ರಿ, ಅಂಗಡಿಗೆ ಒಯ್ರಿ" ಅಂದಾಗ. ಜಾರ್ ತಿರುಗಿಸುವ ಕಪ್ಲರ್‌ನ ಹಲ್ಲು ಸವೆದದ್ದೂ ಕಣ್ಣಿಗೆ ಬಿತ್ತು. ಹೊಸದು ತರಲು ಶನಿವಾರ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳ ಕಡೆ ಹೋಗಬೇಕು.

ಅತ್ತೆ ಮಾತ್ರ, "ಕಾಯಿ ಅಷ್ಟು ದಪ್ಪ ಹೆಚ್ಚಿದ್ರೆ ಇನ್ನೇನಾಗುತ್ತೆ?" ಅಂದರು.